ಲೂಥರ್‌ಗಿಂತ ಮೊದಲೇ ಚರ್ಚನ್ನು ಪ್ರಶ್ನಿಸಿದವರು: ವಾಲ್ಡೊ, ವಿಕ್ಲಿಫ್, ಹುಸ್ ಬಗ್ಗೆ ಮಾತಾಡೋಣ

ಶರಾವತಿ ದಡ

ಎಲ್ಲರಿಗೂ ನಮಸ್ಕಾರ. ಸ್ಪರ್ಧಾತ್ಮಕ ಪರೀಕ್ಷೆಗೆ ಯುರೋಪಿನ ಇತಿಹಾಸ ಓದುತ್ತಿದ್ದೇನೆ. ಮತ ಸುಧಾರಣೆ ಅಂದರೆ ಸಾಕು, ಎಲ್ಲ ನೋಟ್ಸ್‌ಗಳೂ 1517ಕ್ಕೆ ಹೋಗಿ ನಿಲ್ಲುತ್ತವೆ. ಮಾರ್ಟಿನ್ ಲೂಥರ್, 95 ವಾದಗಳು, ಪಾಪವಿಮೋಚನಾ ಪತ್ರ (ದುಡ್ಡು ಕೊಟ್ಟವರಿಗೆ ಪಾಪದ ಶಿಕ್ಷೆ ಮನ್ನಾ ಅಂತ ಚರ್ಚು ಕೊಡುತ್ತಿದ್ದ ಪತ್ರ). ಅದಕ್ಕೂ ಮುಂಚಿನವರಿಗೆ ಸಿಗುವುದು ಒಂದೇ ಸಾಲು. ವಿಕ್ಲಿಫ್ ಸುಧಾರಣೆಯ ಬೆಳ್ಳಿಚುಕ್ಕಿ, ಹುಸ್‌ನನ್ನು ಜೀವಂತ ಸುಟ್ಟರು, ಮುಗಿಯಿತು. ಒಬ್ಬ ಮನುಷ್ಯನನ್ನು ಸುಟ್ಟ ಸಂಗತಿ ಅರ್ಧ ಸಾಲಿನಲ್ಲಿ ಮುಗಿದರೆ ನನಗೆ ಸಮಾಧಾನ ಆಗುವುದಿಲ್ಲ. ಇವರು ಹೇಳಿದ್ದಾದರೂ ಏನು? ಚರ್ಚಿಗೆ ಅಷ್ಟು ಕೋಪ ಬಂದದ್ದು ಯಾಕೆ? ಓದಿಕೊಂಡವರು ದಯವಿಟ್ಟು ಬರೆಯಿರಿ.

ನಿವೃತ್ತ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇವರನ್ನೆಲ್ಲ ಲೂಥರನಿಗೆ ದಾರಿ ಮಾಡಿಕೊಟ್ಟವರು ಅಂತ ಓದುವುದರಿಂದಲೇ ತೊಂದರೆ ಶುರುವಾಗುತ್ತದೆ. ಅವರಿಗೆ ಲೂಥರ್ ಅಂತ ಒಬ್ಬ ಬರುತ್ತಾನೆ ಅನ್ನುವುದೇ ಗೊತ್ತಿರಲಿಲ್ಲ. ಅವರ ಜಗಳ ಅವರದ್ದೇ. ಆ ಜಗಳಗಳಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಪ್ರಶ್ನೆ ಇದೆ: ದೇವರ ಮಾತನ್ನು ಜನರಿಗೆ ಹೇಳಲು ಯಾರ ಅಪ್ಪಣೆ ಬೇಕು?

ವಾಲ್ಡೊನಿಂದ ಶುರು ಮಾಡೋಣ. ಫ್ರಾನ್ಸಿನ ಲಿಯೋನ್ ಪಟ್ಟಣದ ಸಾಹುಕಾರ. 1170ರ ದಶಕದಲ್ಲಿ ಇದ್ದಕ್ಕಿದ್ದ ಹಾಗೆ ಆಸ್ತಿ ಎಲ್ಲ ಬಿಟ್ಟ. ಒಬ್ಬ ಹಾಡುಗಾರ ಬೀದಿಯಲ್ಲಿ ಸಂತ ಅಲೆಕ್ಸಿಸ್‌ನ ಕಥೆ ಹೇಳುತ್ತಿದ್ದದ್ದನ್ನು ಕೇಳಿ ಮನಸ್ಸು ಕಲಕಿತು ಎಂದು ಆ ಕಾಲದ ಒಂದು ವೃತ್ತಾಂತ ಹೇಳುತ್ತದೆ. ಹೆಂಡತಿಯನ್ನು ಕರೆದು ಕೇಳಿದನಂತೆ, ಮನೆ ಜಮೀನು ಬೇಕೋ, ಹಣ ಸಾಮಾನು ಬೇಕೋ? ಆಕೆ ಮನೆ ಜಮೀನು ಇಟ್ಟುಕೊಂಡಳು. ಇಬ್ಬರು ಹೆಣ್ಣುಮಕ್ಕಳನ್ನು ಸನ್ಯಾಸಿನಿಯರ ಮಠಕ್ಕೆ ಸೇರಿಸಿದ. ಉಳಿದದ್ದನ್ನು ಬಡವರಿಗೆ ಹಂಚಿದ.

ಇಲ್ಲಿಯವರೆಗೆ ಚರ್ಚಿಗೆ ಯಾವ ತಕರಾರೂ ಇರಲಿಲ್ಲ. ಆಸ್ತಿ ಬಿಟ್ಟವರನ್ನು ಅದು ಯಾವಾಗಲೂ ಗೌರವಿಸಿದೆ. ಆದರೆ ವಾಲ್ಡೊ ಇನ್ನೊಂದು ಕೆಲಸ ಮಾಡಿದ. ಇಬ್ಬರು ಪಾದ್ರಿಗಳಿಗೆ ದುಡ್ಡು ಕೊಟ್ಟು ಬೈಬಲಿನ ಶುಭಸಂದೇಶಗಳನ್ನು ಲ್ಯಾಟಿನ್‌ನಿಂದ ಊರಿನ ಆಡುಮಾತಿಗೆ ತರಿಸಿದ. ಒಬ್ಬ ಅರ್ಥ ಹೇಳುವುದು, ಇನ್ನೊಬ್ಬ ಬರೆದುಕೊಳ್ಳುವುದು. ಅದನ್ನು ಬಾಯಿಪಾಠ ಮಾಡಿ ಬೀದಿಯಲ್ಲಿ ಹೇಳಲು ಶುರು ಮಾಡಿದ. ಜೊತೆಗೆ ಬಂದವರೂ ಹೇಳಿದರು, ಹೆಂಗಸರೂ ಹೇಳಿದರು. ತೊಂದರೆ ಶುರುವಾದದ್ದು ಆಗಲೇ.

1179ರಲ್ಲಿ ರೋಮಿನಲ್ಲಿ ಚರ್ಚಿನ ಬಿಷಪ್‌ಗಳೆಲ್ಲ ಸೇರಿದ್ದ ಮೂರನೆಯ ಲ್ಯಾಟೆರನ್ ಮಹಾಸಭೆಗೆ ಇವರು ಅಪ್ಪಣೆ ಕೇಳಲು ಹೋದರು. ವಾಲ್ಟರ್ ಮ್ಯಾಪ್ ಎಂಬ ಇಂಗ್ಲಿಷ್ ಪಂಡಿತನಿಗೆ ಪರೀಕ್ಷೆ ಮಾಡುವ ಕೆಲಸ ಬಂತು. ಪಿತ ದೇವರಲ್ಲಿ ನಂಬಿಕೆ ಇದೆಯಾ ಅಂತ ಕೇಳಿದ. ಇದೆ ಅಂದರು. ಪುತ್ರನಲ್ಲಿ? ಇದೆ. ಪವಿತ್ರಾತ್ಮದಲ್ಲಿ? ಇದೆ. ಕ್ರಿಸ್ತನ ತಾಯಿಯಲ್ಲಿ? ಅದಕ್ಕೂ ಇದೆ ಅಂದುಬಿಟ್ಟರು. ಸಭೆ ಗೊಳ್ಳೆಂದು ನಕ್ಕಿತು. ಆ ಬಗೆಯ ನಂಬಿಕೆ ದೇವರ ಮೂರು ರೂಪಗಳಿಗೆ ಮಾತ್ರ ಸಲ್ಲಬೇಕು ಅನ್ನುವುದು ಪಂಡಿತರ ಲೆಕ್ಕ. ಪಾಪ, ಓದು ಬಾರದ ಜನ, ನೇರವಾಗಿ ಉತ್ತರಿಸಿ ನಾಚಿಕೆಪಟ್ಟುಕೊಂಡು ಹೊರಗೆ ಬಂದರು. ಆದರೆ ಅದೇ ಮ್ಯಾಪ್ ಬರೆದದ್ದನ್ನು ಗಮನಿಸಿ. ಬರಿಗಾಲಲ್ಲಿ ಇಬ್ಬಿಬ್ಬರಾಗಿ ಓಡಾಡುವ, ತಮ್ಮದು ಅಂತ ಏನೂ ಇಟ್ಟುಕೊಳ್ಳದ ಇವರನ್ನು ಒಳಗೆ ಬಿಟ್ಟುಕೊಂಡರೆ ನಮ್ಮನ್ನೇ ಹೊರಗೆ ಹಾಕುತ್ತಾರೆ ಅಂತ ಅವನೇ ಬರೆದಿದ್ದಾನೆ. ಆ ನಗುವಿನ ಒಳಗೆ ಭಯ ಇತ್ತು.

ಪೋಪ್ ಮೂರನೆಯ ಅಲೆಕ್ಸಾಂಡರ್ ವಾಲ್ಡೊನ ಬಡತನದ ವ್ರತವನ್ನು ಒಪ್ಪಿಕೊಂಡ. ಬೋಧನೆಗೆ ಮಾತ್ರ ಆಯಾ ಊರಿನ ಪಾದ್ರಿಗಳ ಒಪ್ಪಿಗೆ ಬೇಕು ಅಂದ. ಆ ಪಾದ್ರಿಗಳು ಯಾಕೆ ಒಪ್ಪುತ್ತಾರೆ? ಒಪ್ಪಲಿಲ್ಲ. ಇವರೂ ಬಾಯಿ ಮುಚ್ಚಲಿಲ್ಲ. 1184ರಲ್ಲಿ ವೆರೋನಾದಲ್ಲಿ ಪೋಪ್ ಮೂರನೆಯ ಲೂಸಿಯಸ್ ಇವರನ್ನು ಬಹಿಷ್ಕರಿಸಿದ.

ಕಡಲ ತೀರದ ಓದುಗ

ಮೇಷ್ಟ್ರೇ, ಒಂದು ಸಂಶಯ. ಅಸ್ಸಿಸಿಯ ಫ್ರಾನ್ಸಿಸ್ ಕೂಡ ವ್ಯಾಪಾರಿಯ ಮಗನೇ. ಅವನೂ ಎಲ್ಲ ಬಿಟ್ಟ, ಬೀದಿಯಲ್ಲಿ ಬೋಧಿಸಿದ. ಅವನು ಸಂತನಾದ, ವಾಲ್ಡೊ ಧರ್ಮದ್ರೋಹಿಯಾದ. ಸುಮಾರು 30 ವರ್ಷದ ಅಂತರ ಅಷ್ಟೇ ಅಲ್ವಾ?

ನಿವೃತ್ತ ಮೇಷ್ಟ್ರು

ಸರಿಯಾದ ಜಾಗಕ್ಕೆ ಕೈ ಹಾಕಿದಿರಿ. ಫ್ರಾನ್ಸಿಸ್ 1209ರ ಹೊತ್ತಿಗೆ ರೋಮಿಗೆ ಹೋದಾಗ ಪೋಪ್ ಆಗಿದ್ದವನು ಮೂರನೆಯ ಇನ್ನೊಸೆಂಟ್. ಬಹಳ ಚುರುಕು ಮನುಷ್ಯ. ಇಂಥವರನ್ನು ಹೊರಗೆ ದೂಡಿದರೆ ಏನಾಗುತ್ತದೆ ಅನ್ನುವುದು ಅವನಿಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ವಾಲ್ಡೊನ ಗುಂಪಿನ ಹುಯೆಸ್ಕಾದ ಡುರಾಂಡ್ ಎಂಬವನನ್ನು ಅದಕ್ಕೂ ಸ್ವಲ್ಪ ಮೊದಲು, 1208ರಲ್ಲಿ, ಅವನೇ ವಾಪಸ್ ಸೇರಿಸಿಕೊಂಡಿದ್ದ. ಫ್ರಾನ್ಸಿಸ್‌ಗೆ ಅಪ್ಪಣೆ ಸಿಕ್ಕಿತು. ಫ್ರಾನ್ಸಿಸ್ ಕೂಡ ಪಾದ್ರಿಗಳ ಮೇಲೆ ಒಂದು ಮಾತೂ ಆಡಲಿಲ್ಲ ಅನ್ನುವುದನ್ನೂ ಸೇರಿಸಬೇಕು. ಇಬ್ಬರ ಬದುಕೂ ಹೆಚ್ಚುಕಡಿಮೆ ಒಂದೇ. ಒಬ್ಬ ಇಲ್ಲ ಅಂದಾಗ ನಿಲ್ಲಲಿಲ್ಲ, ಇನ್ನೊಬ್ಬನಿಗೆ ಇಲ್ಲ ಅನ್ನಲೇ ಇಲ್ಲ.

ವಾಲ್ಡೊನ ಅನುಯಾಯಿಗಳು ಆಲ್ಪ್ಸ್ ಕಣಿವೆಗಳಲ್ಲಿ ಉಳಿದುಕೊಂಡರು. 1532ರಲ್ಲಿ ಸುಧಾರಣೆಯವರ ಜೊತೆ ಸೇರಿದರು. 1655ರಲ್ಲಿ ಪೀಡ್‌ಮಾಂಟ್‌ನಲ್ಲಿ ಅವರ ಮಾರಣಹೋಮ ನಡೆಯಿತು. 1848ರಲ್ಲಿ ನಾಗರಿಕ ಹಕ್ಕು ಸಿಕ್ಕಿತು. 2015ರಲ್ಲಿ ಪೋಪ್ ಫ್ರಾನ್ಸಿಸ್ ಟ್ಯೂರಿನ್‌ನ ಅವರ ಪ್ರಾರ್ಥನಾ ಮಂದಿರಕ್ಕೇ ಹೋಗಿ ಕ್ಷಮೆ ಕೇಳಿದರು. ಇಂದಿಗೂ ಇಟಲಿಯಲ್ಲಿ ಆ ಸಭೆ ಇದೆ.

ಹಳೇ ಪುಸ್ತಕದಂಗಡಿ

ವಿಕ್ಲಿಫ್ ಬಗ್ಗೆ ನಾನು ಬರೆಯುತ್ತೇನೆ, ನನಗೆ ತುಂಬಾ ಇಷ್ಟದ ಮನುಷ್ಯ. ಇವನು ಬೀದಿ ಬೋಧಕ ಅಲ್ಲ. ಆಕ್ಸ್‌ಫರ್ಡಿನ ದೊಡ್ಡ ವಿದ್ವಾಂಸ, ಬೇಲಿಯಲ್ ಕಾಲೇಜಿನ ಮುಖ್ಯಸ್ಥನಾಗಿದ್ದವನು. 1374ರಿಂದ ಲಟರ್‌ವರ್ತ್ ಎಂಬ ಊರಿನ ಪಾದ್ರಿ. ರಾಜನ ಮಗ ಜಾನ್ ಆಫ್ ಗಾಂಟ್ ಇವನ ಬೆನ್ನಿಗಿದ್ದ. ಯಾಕೆ? ಇಂಗ್ಲೆಂಡಿಗೆ ಫ್ರಾನ್ಸ್ ಜೊತೆ ಯುದ್ಧ, ಖಜಾನೆ ಖಾಲಿ, ಚರ್ಚಿನ ಕೈಯಲ್ಲಿ ರಾಶಿ ಜಮೀನು. ಪಾಪದಲ್ಲಿ ಬಿದ್ದ ಪಾದ್ರಿಗೆ ಆಸ್ತಿಯ ಹಕ್ಕಿಲ್ಲ, ರಾಜ ಅದನ್ನು ಕಿತ್ತುಕೊಳ್ಳಬಹುದು ಅಂತ ಒಬ್ಬ ಪಂಡಿತ ಹೇಳಿದರೆ ಆಳುವವರಿಗೆ ಖುಷಿಯೇ ಅಲ್ವಾ? 1377ರಲ್ಲಿ ಪೋಪ್ ಹನ್ನೊಂದನೆಯ ಗ್ರೆಗರಿ ಇವನ ವಿರುದ್ಧ ಆಜ್ಞೆ ಹೊರಡಿಸಿದರೂ ಏನೂ ನಡೆಯಲಿಲ್ಲ. ಮರುವರ್ಷವೇ ರೋಮಿನಲ್ಲೊಬ್ಬ, ಅವಿನ್ಯೋನ್‌ನಲ್ಲೊಬ್ಬ, ಇಬ್ಬರು ಪೋಪ್‌ಗಳಾದರು. ಇಬ್ಬರೂ ಒಬ್ಬರನ್ನೊಬ್ಬರು ಬಹಿಷ್ಕರಿಸಿಕೊಂಡರು.

ಆಳುವವರ ಬೆಂಬಲ ತಪ್ಪಿದ್ದು ಪರಮ ಪ್ರಸಾದದ ವಿಷಯಕ್ಕೆ. ಪೂಜೆಯಲ್ಲಿ ರೊಟ್ಟಿ ಕ್ರಿಸ್ತನ ದೇಹವೇ ಆಗಿ ಮಾರ್ಪಡುತ್ತದೆ ಅನ್ನುವುದು ಚರ್ಚಿನ ಬೋಧನೆ. ಇವನು ರೊಟ್ಟಿ ರೊಟ್ಟಿಯಾಗಿಯೇ ಉಳಿಯುತ್ತದೆ, ಅದರ ವಸ್ತು ಬದಲಾಗುವುದಿಲ್ಲ ಅಂದ. ಗಾಂಟ್‌ಗೆ ಅದು ಬೇಡದ ತಲೆನೋವು. 1381ರಲ್ಲಿ ರೈತರ ದಂಗೆ ಎದ್ದು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಸಡ್‌ಬರಿಯ ತಲೆ ಕಡಿದರು. ದಂಗೆಗೆ ವಿಕ್ಲಿಫ್ ಕಾರಣ ಅಲ್ಲದಿದ್ದರೂ ದೂರು ಅವನ ಮೇಲೆ ಬಂತು. 1382ರ ಮೇ ತಿಂಗಳಲ್ಲಿ ಹೊಸ ಆರ್ಚ್‌ಬಿಷಪ್ ಕೋರ್ಟ್ನಿ ಲಂಡನ್ನಿನಲ್ಲಿ ಸಭೆ ಕರೆದು ಅವನ 24 ಮಾತುಗಳನ್ನು ಖಂಡಿಸಿದ. ಸಭೆ ನಡೆಯುವಾಗಲೇ ಭೂಕಂಪವಾಯಿತು. ದೇವರು ಸಿಟ್ಟಾದ ಅಂತ ವಿಕ್ಲಿಫ್ ಕಡೆಯವರು, ಭೂಮಿ ಕೆಟ್ಟ ಗಾಳಿಯನ್ನು ಹೊರಹಾಕಿತು ಅಂತ ಕೋರ್ಟ್ನಿ.

ಇಷ್ಟಾದರೂ ಅವನು 1384ರ ಡಿಸೆಂಬರ್ 31ರಂದು ಲಟರ್‌ವರ್ತ್‌ನಲ್ಲೇ ತೀರಿಕೊಂಡ. ಲಕ್ವ ಹೊಡೆದು. ಸುಡುವ ಕಾನೂನು ಇಂಗ್ಲೆಂಡಿಗೆ ಬಂದದ್ದು 1401ರಲ್ಲಿ. ಅದೇ ವರ್ಷ ವಿಲಿಯಂ ಸಾಟ್ರಿ ಎಂಬ ಪಾದ್ರಿಯನ್ನು ಸುಟ್ಟರು. ವಿಕ್ಲಿಫ್‌ನ ಮೂಳೆಗಳನ್ನು ಮಾತ್ರ 1428ರಲ್ಲಿ ಅಗೆದು ತೆಗೆದು, ಸುಟ್ಟು, ಬೂದಿಯನ್ನು ಸ್ವಿಫ್ಟ್ ಹೊಳೆಗೆ ಸುರಿದರು. ಸತ್ತು 43 ವರ್ಷ ದಾಟಿದ ಮೇಲೆ.

ನಿವೃತ್ತ ಮೇಷ್ಟ್ರು

ಅವನ ಅನುಯಾಯಿಗಳಾದ ಲೊಲಾರ್ಡರ ಮೇಲೆ ಬಂದ ಕಾನೂನನ್ನೂ ನೋಡಿ. 1409ರಲ್ಲಿ ಆರ್ಚ್‌ಬಿಷಪ್ ಅರುಂಡೆಲ್ ಹೊರಡಿಸಿದ ನಿಯಮಗಳಲ್ಲಿ ಮುಖ್ಯವಾದದ್ದು ಎರಡು. ಲೈಸೆನ್ಸ್ ಇಲ್ಲದೆ ಯಾರೂ ಬೋಧಿಸಬಾರದು. ಒಪ್ಪಿಗೆ ಇಲ್ಲದೆ ಬೈಬಲನ್ನು ಇಂಗ್ಲಿಷಿಗೆ ತರಬಾರದು, ಓದಲೂಬಾರದು. ವಾಲ್ಡೊನಿಗೆ ಹೇಳಿದ್ದನ್ನೇ 230 ವರ್ಷ ಬಿಟ್ಟು ಇನ್ನೊಂದು ದೇಶದಲ್ಲಿ ಹೇಳಿದರು. ಆದರೂ ವಿಕ್ಲಿಫ್ ಕಡೆಯವರು ಮಾಡಿದ್ದ ಇಂಗ್ಲಿಷ್ ಬೈಬಲ್ ಅನುವಾದದ ಸುಮಾರು 250 ಕೈಬರಹದ ಪ್ರತಿಗಳು ಇವತ್ತಿಗೂ ಉಳಿದಿವೆ. ಅಚ್ಚು ಇಲ್ಲದ ಕಾಲದಲ್ಲಿ, ಇಟ್ಟುಕೊಂಡರೆ ಅಪಾಯ ಅನ್ನುವ ಪುಸ್ತಕಕ್ಕೆ ಇದು ಬಹಳ ದೊಡ್ಡ ಸಂಖ್ಯೆ.

ನೇತ್ರಾವತಿ ಟೀಚರ್

ನಾನು ಕಥೋಲಿಕ ಮನೆಯವಳು, ಹಾಗಾಗಿ ಒಂದು ಮಾತು ಸೇರಿಸಬೇಕು ಅನಿಸಿತು. ಚರ್ಚು ಅಂದರೆ ಒಂದೇ ಮುಷ್ಟಿ, ಹೊಡೆಯುವುದಷ್ಟೇ ಅದರ ಕೆಲಸ ಅನ್ನುವ ಚಿತ್ರ ಬೇಡ. ಪ್ರಾಗ್‌ನ ಬೋಧಕ ಹುಸ್‌ನನ್ನು ಸುಟ್ಟ, ಜರ್ಮನಿಯ ಕಾನ್‌ಸ್ಟೆನ್ಸ್ ಮಹಾಸಭೆಯನ್ನೇ ತಗೊಳ್ಳಿ. ಆಗ ಮೂವರು ಪೋಪ್‌ಗಳಿದ್ದರು. ಅದನ್ನು ಸರಿಮಾಡಲೆಂದೇ ಸಭೆ ಕೂಡಿತ್ತು. 1415ರ ಏಪ್ರಿಲ್ 6ರಂದು ಆ ಸಭೆ ಪೋಪ್ ಕೂಡ ಮಹಾಸಭೆಯ ಮಾತು ಕೇಳಬೇಕು ಅಂತ ಘೋಷಿಸಿತು. ಮೇ 29ರಂದು, ಸಭೆ ಕರೆದಿದ್ದ ಪೋಪ್ ಇಪ್ಪತ್ತಮೂರನೆಯ ಜಾನ್‌ನನ್ನೇ ಪದವಿಯಿಂದ ಇಳಿಸಿತು. ಅಲ್ಲಿದ್ದ ಪ್ಯಾರಿಸ್ಸಿನ ಜೆರ್ಸೊನ್, ಕಾರ್ಡಿನಲ್ ಡಾಯಿ ಮುಂತಾದವರು ಚರ್ಚಿನ ಕೊಳೆ ತೊಳೆಯಬೇಕು ಅಂತ ವರ್ಷಗಟ್ಟಲೆ ಬರೆದವರು. ಅವರೇ ಜುಲೈ 6ರಂದು ಹುಸ್‌ನನ್ನು ಬೆಂಕಿಗೆ ಕೊಟ್ಟರು. ನನಗೆ ಸಂಕಟ ಆಗುವುದು ಇದಕ್ಕೆ. ಕೆಟ್ಟವರು ಒಳ್ಳೆಯವನನ್ನು ಕೊಂದಿದ್ದರೆ ಅರ್ಥ ಮಾಡಿಕೊಳ್ಳಬಹುದಿತ್ತು. ಕೊಂದವರೂ ಸುಧಾರಕರೇ.

ಶರಾವತಿ ದಡ

ಟೀಚರ್, ಇದು ನನಗೆ ಗೊತ್ತೇ ಇರಲಿಲ್ಲ. ಹಾಗಾದರೆ ಹುಸ್ ಮಾಡಿದ ತಪ್ಪಾದರೂ ಏನು? ಪೋಪ್‌ನನ್ನೇ ಇಳಿಸಿದವರಿಗೆ ಒಬ್ಬ ಪಾದ್ರಿಯ ಮಾತು ತಡೆಯಲಿಕ್ಕಾಗಲಿಲ್ಲವಾ?

ಸ್ಟುಟ್‌ಗಾರ್ಟ್ ಕನ್ನಡಿಗ

ನಾನಿರುವ ಊರಿನಿಂದ ಕಾನ್‌ಸ್ಟೆನ್ಸ್‌ಗೆ ರೈಲಿನಲ್ಲಿ ಹೋಗಿಬರಬಹುದು. ಹುಸ್‌ನನ್ನು ಸುಟ್ಟ ಜಾಗ ಎಂದು ನಂಬುವ ಕಡೆ 1862ರಲ್ಲಿ ಒಂದು ದೊಡ್ಡ ಬಂಡೆ ಇಟ್ಟಿದ್ದಾರೆ. ಒಂದು ಕಡೆ ಹುಸ್ ಹೆಸರು, ಇನ್ನೊಂದು ಕಡೆ ಅವನ ಗೆಳೆಯ ಪ್ರಾಗ್‌ನ ಜೆರೋಮ್ ಹೆಸರು. ಜೆರೋಮ್‌ನನ್ನೂ ಮರುವರ್ಷ ಮೇ 30ರಂದು ಅಲ್ಲೇ ಸುಟ್ಟರು. ಸುತ್ತಲೂ ಮನೆಗಳಿವೆ, ಜನ ನಾಯಿ ಹಿಡಿದು ಓಡಾಡುತ್ತಾರೆ. ಆ ಕಲ್ಲು ನೋಡಿ ಬಂದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ.

ಹುಸ್ 1402ರಿಂದ ಪ್ರಾಗ್‌ನ ಬೆತ್ಲೆಹೆಮ್ ಚಾಪೆಲ್‌ನಲ್ಲಿ ಬೋಧಕ. ಆ ಚಾಪೆಲ್ ಕಟ್ಟಿದ್ದೇ ಜೆಕ್ ಭಾಷೆಯಲ್ಲಿ ಬೋಧನೆ ನಡೆಯಲಿ ಅಂತ. ಸುಮಾರು 3000 ಜನ ಹಿಡಿಯುವಷ್ಟು ದೊಡ್ಡದು. ವಿಕ್ಲಿಫ್‌ನ ಪುಸ್ತಕಗಳನ್ನು ಆಕ್ಸ್‌ಫರ್ಡಿನಿಂದ ನಕಲು ಮಾಡಿ ತಂದವರಲ್ಲಿ ಈ ಜೆರೋಮ್ ಕೂಡ ಒಬ್ಬ. 1410ರಲ್ಲಿ ಪ್ರಾಗ್‌ನ ಆರ್ಚ್‌ಬಿಷಪ್ ಜ್‌ಬಿನೆಕ್ ಆ ಪುಸ್ತಕಗಳನ್ನು ರಾಶಿ ಹಾಕಿ ಸುಡಿಸಿದ. ಚಾಪೆಲ್‌ಗಳಲ್ಲಿ ಬೋಧಿಸಬಾರದು ಅನ್ನುವ ಆಜ್ಞೆಯನ್ನೂ ಪೋಪ್‌ನಿಂದ ತರಿಸಿದ. ಮೇಷ್ಟ್ರು ಹೇಳಿದ ಅಪ್ಪಣೆಯ ವಿಷಯ ಇಲ್ಲೂ ಬಂತು ನೋಡಿ. ಹುಸ್ ನಿಲ್ಲಿಸಲಿಲ್ಲ. 1412ರಲ್ಲಿ ಪಾಪವಿಮೋಚನಾ ಪತ್ರದ ಮಾರಾಟ ಪ್ರಾಗ್‌ಗೂ ಬಂತು, ನೇಪಲ್ಸ್ ರಾಜನ ವಿರುದ್ಧದ ಯುದ್ಧಕ್ಕೆ ದುಡ್ಡು ಎತ್ತಲು. ಹುಸ್ ಬಹಿರಂಗವಾಗಿ ವಿರೋಧಿಸಿದ. ಪ್ರತಿಭಟಿಸಿದ ಮೂವರು ಯುವಕರ ತಲೆ ತೆಗೆದರು. ಬೊಹೀಮಿಯದ (ಜೆಕ್ ನಾಡಿನ) ರಾಜ ವೆಂಚೆಸ್ಲಾಸ್‌ಗೆ ಆ ಮಾರಾಟದಲ್ಲಿ ಪಾಲಿತ್ತು, ಹಾಗಾಗಿ ಅವನ ಬೆಂಬಲವೂ ಹೋಯಿತು.

ಕಾನ್‌ಸ್ಟೆನ್ಸ್‌ಗೆ ಜರ್ಮನ್ ರಾಜ ಸಿಗಿಸ್ಮಂಡ್‌ನ ರಕ್ಷಣಾ ಪತ್ರ ನಂಬಿ 1414ರ ನವೆಂಬರ್ 3ಕ್ಕೆ ಬಂದ. ತಿಂಗಳು ತುಂಬುವ ಮುಂಚೆ ಬಂಧನ. ಸಭೆ ಕೇಳಿದ್ದು ಒಂದೇ, ನಿನ್ನ ಮಾತುಗಳನ್ನು ತಪ್ಪು ಅಂತ ಒಪ್ಪಿ ಹಿಂತೆಗೆದುಕೋ. ಹುಸ್ ಹೇಳಿದ್ದೂ ಒಂದೇ, ಇದರಲ್ಲಿ ಎಷ್ಟೋ ಮಾತು ನಾನು ಹೇಳಿದ್ದೇ ಅಲ್ಲ, ಹೇಳದ್ದನ್ನು ಹಿಂತೆಗೆದುಕೊಂಡರೆ ಸುಳ್ಳು ಹೇಳಿದ ಹಾಗೆ. ಹೇಳಿದ್ದು ತಪ್ಪಾಗಿದ್ದರೆ ಧರ್ಮಗ್ರಂಥದಿಂದ ತೋರಿಸಿ.

ಕೊನೆಯ ದಿನದ ವಿವರ ಅವನ ಜೊತೆಗಿದ್ದ ಮ್ಲಾಡೊನೊವಿಟ್ಸ್‌ನ ಪೀಟರ್ ಬರೆದಿಟ್ಟಿದ್ದಾನೆ. ಕ್ಯಾಥೆಡ್ರಲ್‌ನಲ್ಲಿ ಮೊದಲು ಹುಸ್‌ಗೆ ಪೂಜೆಯ ಬಟ್ಟೆ ಎಲ್ಲ ತೊಡಿಸಿದರು, ಆಮೇಲೆ ಬಿಷಪ್‌ಗಳು ಸೇರಿ ಒಂದೊಂದಾಗಿ ಕಳಚಿದರು. ಪ್ರತಿಯೊಂದಕ್ಕೂ ಒಂದು ಶಾಪ. ಪಾದ್ರಿಯ ಗುರುತಾದ ತಲೆಯ ಬೋಳನ್ನು ಅಳಿಸುವುದು ಕತ್ತರಿಯಿಂದಲೋ ಕ್ಷೌರದ ಕತ್ತಿಯಿಂದಲೋ ಅಂತ ಅವರವರಲ್ಲೇ ವಾದವಾಯಿತು. ಹುಸ್ ಸಿಗಿಸ್ಮಂಡ್ ಕಡೆ ತಿರುಗಿ, ನೋಡಿ, ಇದರಲ್ಲೂ ಇವರಿಗೆ ಒಮ್ಮತ ಇಲ್ಲ ಅಂದ. ತಲೆಗೆ ಮೂರು ದೆವ್ವಗಳ ಚಿತ್ರ ಬರೆದ ಕಾಗದದ ಟೋಪಿ ಇಟ್ಟರು. ಸುಟ್ಟ ಮೇಲೆ ಅವನ ಬಟ್ಟೆಗಳನ್ನೂ ಬೆಂಕಿಗೆ ಹಾಕಿಸಿದರು, ಜೆಕ್ ಜನ ತೆಗೆದುಕೊಂಡು ಹೋಗಿ ಪೂಜೆಗೆ ಇಟ್ಟುಕೊಳ್ಳಬಾರದು ಅಂತ. ಬಟ್ಟೆ ಸುಡುವವನ ಪಾಲಿನದ್ದು, ಹಾಗಾಗಿ ಅವನಿಗೆ ಪರಿಹಾರ ಕೊಡುವ ಮಾತಾಯಿತು. ಬೂದಿ ರೈನ್ ನದಿಗೆ ಹೋಯಿತು.

ನೇತ್ರಾವತಿ ಟೀಚರ್

ಶರಾವತಿಯವರೇ, ನಿಮ್ಮ ಪ್ರಶ್ನೆಗೆ ನನಗೆ ತೋಚಿದ್ದು ಇಷ್ಟು. ಪೋಪ್ ದೊಡ್ಡವನೋ ಮಹಾಸಭೆ ದೊಡ್ಡದೋ ಅನ್ನುವುದು ಆ ಸಭೆಯ ಜಗಳ. ಹುಸ್ ಎರಡನ್ನೂ ಬದಿಗಿಟ್ಟು, ನನ್ನ ಮನಸ್ಸಾಕ್ಷಿಗೆ ಉತ್ತರ ಕೊಡಿ ಅಂದ. ಆಗಷ್ಟೇ ಪೋಪ್‌ಗಿಂತ ತಾನು ಮೇಲು ಅಂತ ಘೋಷಿಸಿಕೊಂಡ ಸಭೆಗೆ ಅದನ್ನು ಒಪ್ಪುವುದು ಸಾಧ್ಯವೇ ಇರಲಿಲ್ಲ. 1999ರ ಡಿಸೆಂಬರ್‌ನಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಹುಸ್‌ನ ಕ್ರೂರ ಸಾವಿಗೆ ಆಳವಾದ ವಿಷಾದ ಹೇಳಿದರು. 584 ವರ್ಷ ತಡವಾಯಿತು, ಆದರೂ ಹೇಳಿದರಲ್ಲ ಅನ್ನುವುದು ನನಗೆ ಮುಖ್ಯ.

ಕಡಲ ತೀರದ ಓದುಗ

ಹುಸ್ ಅಂದರೆ ಜೆಕ್ ಭಾಷೆಯಲ್ಲಿ ಹೆಬ್ಬಾತು ಅಂತೆ. 'ಇವತ್ತು ನೀವು ಒಂದು ಹೆಬ್ಬಾತನ್ನು ಸುಡುತ್ತಿದ್ದೀರಿ, ನೂರು ವರ್ಷಕ್ಕೆ ಹಂಸ ಬರುತ್ತದೆ' ಅಂತ ಹುಸ್ ಬೆಂಕಿಯಲ್ಲಿ ನಿಂತು ಲೂಥರ್ ಬಗ್ಗೆ ಭವಿಷ್ಯ ನುಡಿದನಂತೆ. ನಿಜವಾ?

ಸ್ಟುಟ್‌ಗಾರ್ಟ್ ಕನ್ನಡಿಗ

ಇಲ್ಲ. ಅಲ್ಲೇ ನಿಂತು ನೋಡಿದ ಪೀಟರ್‌ನ ಬರಹದಲ್ಲಿ ಈ ಮಾತು ಇಲ್ಲ. ಲೂಥರನ ಕಾಲದಲ್ಲಿ ಹಬ್ಬಿದ ಕಥೆ. ಲೂಥರನೇ ಅದನ್ನು ತನ್ನ ಬಗ್ಗೆ ಹೇಳಿಕೊಂಡ. ಪರೀಕ್ಷೆಯಲ್ಲಿ ಬರೆಯಬೇಡಿ.

ಹಳೇ ಪುಸ್ತಕದಂಗಡಿ

ಹುಸ್ ಸತ್ತ ಮೇಲೆ ಆದದ್ದೇ ಇನ್ನೂ ದೊಡ್ಡದು. ಸೆಪ್ಟೆಂಬರ್ 1415ರಲ್ಲಿ ಬೊಹೀಮಿಯ, ಮೊರಾವಿಯದ 452 ಜನ ಗಣ್ಯರು ತಮ್ಮ ಮುದ್ರೆ ಒತ್ತಿ ಸಭೆಗೆ ಪ್ರತಿಭಟನಾ ಪತ್ರ ಕಳಿಸಿದರು. 1419ರ ಜುಲೈ 30ರಂದು ಝೆಲಿವ್‌ಸ್ಕಿ ಎಂಬ ಬೋಧಕನ ಹಿಂದೆ ಹೋದ ಜನ ಪ್ರಾಗ್‌ನ ಪುರಭವನದ ಕಿಟಕಿಯಿಂದ ಅಧಿಕಾರಿಗಳನ್ನು ಹೊರಗೆ ಎಸೆದರು. ಅಲ್ಲಿಂದ ಯುದ್ಧ. 1420ರಿಂದ 1431ರವರೆಗೆ ಐದು ಸಲ ಧರ್ಮಯುದ್ಧದ ದಂಡು ಬಂತು, ಐದೂ ಸೋತು ಹೋಯಿತು.

ಗೆಲ್ಲಿಸಿದವನು ಯಾನ್ ಜಿಷ್ಕಾ. ಒಂದು ಕಣ್ಣು ಮೊದಲೇ ಇರಲಿಲ್ಲ, 1421ರಲ್ಲಿ ಇನ್ನೊಂದೂ ಹೋಯಿತು. ಕುರುಡನಾಗಿಯೇ ದಂಡು ನಡೆಸಿದ, ಸಾಯುವವರೆಗೆ ದೊಡ್ಡ ಯುದ್ಧ ಒಂದೂ ಸೋಲಲಿಲ್ಲ. ಅವನ ಸೈನಿಕರಲ್ಲಿ ಬಹಳಷ್ಟು ಮಂದಿ ರೈತರು. ಜಾತ್ರೆಯಲ್ಲಿ ಬಿಡಾರದ ಸುತ್ತ ಎತ್ತಿನ ಗಾಡಿ ನಿಲ್ಲಿಸಿದ ಹಾಗೆ ಗಾಡಿಗಳನ್ನು ಸರಪಳಿಯಿಂದ ಬಿಗಿದು ಕೋಟೆ ಮಾಡುತ್ತಿದ್ದರು. ಒಳಗಿಂದ ಕೋವಿ, ಬಿಲ್ಲು. ಕಾಳು ಬಡಿಯುವ ಕೋಲಿಗೆ ಮೊಳೆ ಹೊಡೆದು ಆಯುಧ ಮಾಡಿಕೊಂಡಿದ್ದರು. ಕುದುರೆ ಏರಿ ಬಂದ ವೀರರಿಗೆ ಈ ಗಾಡಿ ಗೋಡೆ ದಾಟಲಾಗಲಿಲ್ಲ.

1420ರಲ್ಲಿ ಅವರು ಮುಂದಿಟ್ಟ ನಾಲ್ಕು ಬೇಡಿಕೆಗಳನ್ನು ಓದಿ. ದೇವರ ಮಾತನ್ನು ತಡೆಯಿಲ್ಲದೆ ಬೋಧಿಸಲು ಬಿಡಬೇಕು. ಪರಮ ಪ್ರಸಾದದಲ್ಲಿ ರೊಟ್ಟಿ ಮಾತ್ರವಲ್ಲ, ದ್ರಾಕ್ಷಾರಸದ ಪಾತ್ರೆಯೂ ಜನಸಾಮಾನ್ಯರಿಗೆ ಸಿಗಬೇಕು. ಪಾದ್ರಿಗಳು ಲೌಕಿಕ ಅಧಿಕಾರ, ಆಸ್ತಿ ಬಿಡಬೇಕು. ದೊಡ್ಡ ಪಾಪಗಳಿಗೆ ಮೇಲಿನವರಿಗೂ ಕೆಳಗಿನವರಿಗೂ ಒಂದೇ ಶಿಕ್ಷೆ. ಮೊದಲು ಕೇಳಿದ್ದು ಬೋಧನೆ. ಮೇಷ್ಟ್ರ ಮಾತು ನನಗೆ ಒಪ್ಪಿಗೆ.

ನೇತ್ರಾವತಿ ಟೀಚರ್

ಅವರ ಕೈಗೂ ರಕ್ತ ಅಂಟಿತ್ತು ಅನ್ನುವುದನ್ನು ಬಿಡಬಾರದು. ಮಠಗಳಿಗೆ ಬೆಂಕಿ ಇಟ್ಟರು, ಸನ್ಯಾಸಿಗಳನ್ನು ಕೊಂದರು. ತಮ್ಮೊಳಗೇ ಇನ್ನೂ ತೀವ್ರವಾದಿಗಳಾಗಿದ್ದ ಆದಾಮಿಗಳನ್ನು ಜಿಷ್ಕಾನೇ 1421ರಲ್ಲಿ ನಾಶ ಮಾಡಿದ. ಅಪ್ಪಣೆ ಕೇಳುವವರೇ ಅಪ್ಪಣೆ ಕೊಡುವ ಜಾಗಕ್ಕೆ ಬಂದಾಗ ಏನು ಮಾಡಿದರು ಅನ್ನುವುದೂ ಈ ಕಥೆಯಲ್ಲಿ ಸೇರಬೇಕು. ಅದೇ ಬೊಹೀಮಿಯದಲ್ಲಿ ಪೀಟರ್ ಖೆಲ್ಚಿಟ್ಸ್‌ಕಿ ಎಂಬ ಹಳ್ಳಿಗ, ಧರ್ಮಕ್ಕಾಗಿ ಕತ್ತಿ ಹಿಡಿಯುವುದೇ ತಪ್ಪು ಅಂತ ಬರೆದ. ಅವನ ದಾರಿ ಹಿಡಿದವರು 1457ರಲ್ಲಿ ಕುನ್‌ವಾಲ್ಡ್ ಎಂಬ ಹಳ್ಳಿಯಲ್ಲಿ ಸೋದರರ ಸಭೆ ಕಟ್ಟಿದರು. ನನಗೆ ಜಿಷ್ಕಾಗಿಂತ ಇವನೇ ದೊಡ್ಡವನು.

ಶರಾವತಿ ದಡ

ಇಷ್ಟೆಲ್ಲ ಆದರೂ ಇವರು ಸೋತರು, ಲೂಥರ್ ಗೆದ್ದ. ಅಚ್ಚಿನ ಯಂತ್ರ ಬಂದದ್ದೇ ಕಾರಣ ಅಂತ ಓದಿದ್ದೇನೆ. ಒಪ್ಪಬಹುದಾ?

ನಿವೃತ್ತ ಮೇಷ್ಟ್ರು

ಅರ್ಧ ಒಪ್ಪಬಹುದು. ಅಚ್ಚು ಇತ್ತು, ಜೊತೆಗೆ ಲೂಥರನ ನಾಡಿನ ಅರಸ, ಸ್ಯಾಕ್ಸನಿಯ ಫ್ರೆಡರಿಕ್‌ನ ರಕ್ಷಣೆ ಇತ್ತು. 1521ರಲ್ಲಿ ಅವನು ಲೂಥರನನ್ನು ವಾರ್ಟ್‌ಬರ್ಗ್ ಕೋಟೆಯಲ್ಲಿ ಬಚ್ಚಿಡದಿದ್ದರೆ ಕಥೆ ಬೇರೆ ಆಗುತ್ತಿತ್ತು. ಆದರೆ ಇವರು ಸೋತರು ಅನ್ನುವುದನ್ನು ನಾನು ಒಪ್ಪುವುದಿಲ್ಲ. 1434ರಲ್ಲಿ ಲಿಪಾನಿಯಲ್ಲಿ ಹುಸ್ ಪಂಥದ ಸೌಮ್ಯರೇ ಕಥೋಲಿಕರ ಜೊತೆ ಸೇರಿ ತೀವ್ರವಾದಿಗಳನ್ನು ಸೋಲಿಸಿದರು, ನಿಜ. ಆದರೆ 1436ರಲ್ಲಿ ಬಾಸೆಲ್ ಮಹಾಸಭೆಯ ಜೊತೆ ಒಪ್ಪಂದವಾಗಿ ದ್ರಾಕ್ಷಾರಸದ ಪಾತ್ರೆ ಜನರಿಗೆ ಸಿಕ್ಕಿತು. 1485ರಲ್ಲಿ ಕುಟ್ನಾ ಹೋರಾದಲ್ಲಿ ಕಥೋಲಿಕರಿಗೂ ಹುಸ್ ಪಂಥದವರಿಗೂ ಸಮಾನ ಸ್ಥಾನ ಅಂತ ಒಪ್ಪಿಕೊಂಡರು. ಆಗ ಲೂಥರ್ ಇನ್ನೂ ಎರಡು ವರ್ಷವೂ ತುಂಬದ ಮಗು. 1620ರಲ್ಲಿ ಪ್ರಾಗ್ ಹತ್ತಿರ ಕಥೋಲಿಕ ದಂಡು ಗೆದ್ದ ಬಿಳಿಬೆಟ್ಟದ ಯುದ್ಧದವರೆಗೆ ಈ ಪಂಥ ಬದುಕಿತ್ತು. ಅಷ್ಟು ದಿನ ಬದುಕಿದ್ದನ್ನು ಸೋಲು ಅಂತ ಹೇಗೆ ಕರೆಯುವುದು? 1519ರ ಲೈಪ್‌ಜಿಗ್ ಚರ್ಚೆಯಲ್ಲಿ ಎದುರಾಳಿ ಎಕ್, ನೀನು ಹೇಳುವುದು ಹುಸ್‌ನ ಮಾತು ಅಂತ ಲೂಥರನನ್ನು ಹಣಿಯಲು ನೋಡಿದ. ಹುಸ್‌ನ ಎಷ್ಟೋ ಮಾತು ಸರಿಯಾಗಿಯೇ ಇದೆ ಅಂತ ಲೂಥರ್ ಒಪ್ಪಿಕೊಂಡ. ಲೂಥರ್ ಬಂದು ಸೇರಿಕೊಂಡದ್ದು ಆಗಲೇ ನಡೆಯುತ್ತಿದ್ದ ಜಗಳಕ್ಕೆ.

ಹಳೇ ಪುಸ್ತಕದಂಗಡಿ

ಹೆಸರು ಮಾಡಿದವರ ಬಗ್ಗೆಯೇ ಬರೆದೆವು. ಒಬ್ಬ ಸಾಮಾನ್ಯ ಹೆಂಗಸಿನ ವಿಷಯ ಸೇರಿಸುತ್ತೇನೆ. ಇಂಗ್ಲೆಂಡಿನ ನಾರ್ವಿಚ್ ಬಿಷಪ್ 1428ರಿಂದ 1431ರವರೆಗೆ ಲೊಲಾರ್ಡರ ವಿಚಾರಣೆ ನಡೆಸಿದ. ಅದರ ದಾಖಲೆ ಉಳಿದಿದೆ. ಅದರಲ್ಲಿ ಮಾರ್ಟಮ್ ಊರಿನ ಮಾರ್ಜರಿ ಬ್ಯಾಕ್ಸ್‌ಟರ್ ಇದ್ದಾಳೆ. ಅವಳ ಗುರು ವಿಲಿಯಂ ವೈಟ್‌ನನ್ನು ನಾರ್ವಿಚ್‌ನಲ್ಲಿ 1428ರಲ್ಲಿ ಸುಟ್ಟಿದ್ದರು.

ಸಾಕ್ಷಿ ಹೇಳಿದವಳು ಪರಿಚಯದ ಜೋನ್ ಕ್ಲಿಫ್‌ಲ್ಯಾಂಡ್. ಒಲೆಯ ಪಕ್ಕ ಕೂತು ಹೊಲಿಗೆ ಹಾಕುತ್ತಾ ಮಾರ್ಜರಿ ತನಗೆ ಹೇಳಿದ್ದನ್ನೆಲ್ಲ ಬಿಚ್ಚಿಟ್ಟಳು. ಚರ್ಚಿನ ಮೂರ್ತಿಗಳು ಬಡಗಿಗಳು ಕೆತ್ತಿದ ಮರದ ತುಂಡುಗಳು, ಅವಕ್ಕೆ ಅಡ್ಡಬೀಳಬೇಡ ಅಂದಿದ್ದಳು. ರಾತ್ರಿ ನಮ್ಮ ಮನೆಗೆ ಗುಟ್ಟಾಗಿ ಬಾ, ಗಂಡ ಪುಸ್ತಕ ಓದಿ ಹೇಳುತ್ತಾನೆ, ಕೇಳು ಅಂದಿದ್ದಳು. ಇನ್ನೊಂದು ಸಾಕ್ಷ್ಯವೂ ಬಂತು. ಬೂದಿ ಬುಧವಾರ ಕಳೆದ ಶನಿವಾರ, ಮಾಂಸ ಮುಟ್ಟಬಾರದ ಉಪವಾಸ ಕಾಲದಲ್ಲಿ, ಜೋನ್‌ಳ ಮನೆಯ ಕೆಲಸದ ಹುಡುಗಿ ಮಾರ್ಜರಿಯ ಮನೆಗೆ ಹೋದಳು. ಮಾರ್ಜರಿ ಮನೆಯಲ್ಲಿ ಇರಲಿಲ್ಲ. ಒಲೆಯ ಮೇಲೆ ಮುಚ್ಚಿಟ್ಟ ಹಿತ್ತಾಳೆ ಪಾತ್ರೆ ಇತ್ತು. ಮುಚ್ಚಳ ತೆಗೆದು ನೋಡಿದರೆ ಓಟ್ಸ್ ಹಿಟ್ಟಿನ ಜೊತೆ ಹಂದಿಮಾಂಸದ ತುಂಡು ಬೇಯುತ್ತಿತ್ತು.

ಶಿಕ್ಷೆ ಹೀಗಿತ್ತು. ನಾಲ್ಕು ಭಾನುವಾರ ಮಾರ್ಟಮ್ ಚರ್ಚಿನ ಸುತ್ತ ಬರಿಗಾಲಲ್ಲಿ ನಡೆಸಿ ಚಾಟಿಯೇಟು, ಏಕಲ್ ಸಂತೆಯಲ್ಲಿ ಎರಡು ಸಲ ಚಾಟಿಯೇಟು. ಈ ದಾಖಲೆ ಬರೆದವರು ಬಿಷಪ್ ಕಡೆಯ ಗುಮಾಸ್ತರು. ಹೇಳಿಕೆ ಇಂಗ್ಲಿಷಿನಲ್ಲಿ, ಬರೆದದ್ದು ಬಹುಪಾಲು ಲ್ಯಾಟಿನ್‌ನಲ್ಲಿ. ಹಾಗಾಗಿ ಮಾರ್ಜರಿಯ ಮಾತು ಜೋನ್‌ಳ ಬಾಯಿಂದ, ಗುಮಾಸ್ತರ ಕೈಯಿಂದ ದಾಟಿ ನಮಗೆ ಬಂದಿದೆ. ಓದುವಾಗ ಅದು ನೆನಪಿರಲಿ. ಶರಾವತಿಯವರೇ, ಉತ್ತರದಲ್ಲಿ ಜಾಗ ಉಳಿದರೆ ವಿಕ್ಲಿಫ್ ಹೆಸರಿನ ಪಕ್ಕ ಇವಳ ಹೆಸರನ್ನೂ ಬರೆಯಿರಿ.